ದನಿಯಿಲ್ಲದ ಇಂಗ್ಲಿಷ್ ತರಗತಿ

ಸೋಮವಾರ, ಜೂನ್ 12

ಮಾತಾಡಬೇಡಿ ಎಂದುಬಿಟ್ಟರು ಡಾಕ್ಟರು. ಎಷ್ಟು ದಿನ ಎಂದು ಕೇಳಲು ಬಾಯಿ ತೆರೆದರೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ವಯಸ್ಸಿನಲ್ಲಿ ನನ್ನ ಹಳೇ ವಿದ್ಯಾರ್ಥಿಯ ಹಾಗಿದ್ದಾರೆ, ಆದರೂ ನನ್ನನ್ನೇ ಮೊದಲನೇ ಬೆಂಚಿನ ಮಗುವಿನಂತೆ ಕೂರಿಸಿದರು. ಮೂಗಿನಿಂದ ಸಣ್ಣ ಕೊಳವೆಯೊಂದನ್ನು ಇಳಿಸಿ ನನ್ನ ಗಂಟಲನ್ನು ಪರದೆಯ ಮೇಲೆ ನನಗೇ ತೋರಿಸಿದರು. ದನಿ ಹೊರಡುವ ಜಾಗದಲ್ಲಿ ಎದುರುಬದುರಾಗಿ ಎರಡು ಗಂಟು. ಕೂಗಿ ಕೂಗಿ ಬರುವ ಗಂಟಂತೆ. ಟೀಚರುಗಳಿಗೆ, ಹಾಡುವವರಿಗೆ, ರಸ್ತೆಯಲ್ಲಿ ಕೂಗಿ ಮಾರುವವರಿಗೆ ಬರುತ್ತದಂತೆ. ಎರಡು ತಿಂಗಳು ಒಂದು ಶಬ್ದವೂ ಕೂಡದು, ಪಿಸುಮಾತು ಇನ್ನೂ ಕೆಟ್ಟದ್ದು, ಗಂಟು ಇಳಿಯದಿದ್ದರೆ ಕತ್ತರಿಸಬೇಕು, ಕತ್ತರಿಸಿದ ಮೇಲೆ ದನಿ ಹೇಗಿರುತ್ತದೆಂದು ಈಗಲೇ ಹೇಳಲಾಗದು. ಇಷ್ಟನ್ನೂ ನಗುನಗುತ್ತಲೇ ಹೇಳಿದರು ಪುಣ್ಯಾತ್ಮ.

ಅದಕ್ಕೇ ಈ ಪುಸ್ತಕ. ಜನ್ಮದಲ್ಲಿ ದಿನಚರಿ ಬರೆದವಳಲ್ಲ ನಾನು. ಹೊಟ್ಟೆಯಲ್ಲಿದ್ದದ್ದನ್ನು ಆಗಿಂದಾಗಲೇ ಬಾಯಿಂದ ಹೊರಹಾಕುವವಳಿಗೆ ದಿನಚರಿ ಯಾಕೆ ಬೇಕಿತ್ತು? ಈಗ ಎಲ್ಲಿ ಹಾಕಲಿ?

ಹೈಸ್ಕೂಲಿನ ಮೊದಲ ವರ್ಷಕ್ಕೆ ಇಂಗ್ಲಿಷ್ ಕಲಿಸುತ್ತಲೇ ಕೂದಲು ನೆರೆಸಿಕೊಂಡವಳು ನಾನು. ಮಕ್ಕಳು ನನಗಿಟ್ಟ ಹೆಸರು ಲೌಡ್‌ಸ್ಪೀಕರ್. ನನಗೆ ಗೊತ್ತಿಲ್ಲವೆಂದುಕೊಂಡಿದ್ದಾವೆ. ನನ್ನ ತರಗತಿ ಇರುವುದು ಮೂರನೇ ಮಹಡಿಯಲ್ಲಿ, ದನಿ ಹೋಗುವುದು ಗೇಟಿನವರೆಗೆ. ಮನೆಯಲ್ಲೂ ಅಷ್ಟೇ. ಅಮ್ಮನಿಗೆ ಕಿವಿ ಮಂದ, ಯಂತ್ರ ಹಾಕಿದರೆ ತಲೆ ಗುಂಯ್ ಎನ್ನುತ್ತದೆಂದು ಕಿತ್ತು ಡಬ್ಬಿಗೆ ಹಾಕುತ್ತಾಳೆ. ಲೋಕದಲ್ಲಿ ಅವಳಿಗೆ ಕೇಳುವುದು ನನ್ನ ದನಿ ಒಂದೇ.

ಹೆಡ್‌ಮಾಸ್ಟರಿಗೆ ಡಾಕ್ಟರ ಚೀಟಿ ತೋರಿಸಿದೆ. ರಜೆ ತೆಗೆದುಕೊಳ್ಳಿ ಎಂದರು. ಬೇಡವೆಂದು ತಲೆಯಾಡಿಸಿದೆ. ದೀರ್ಘ ರಜೆ ಹಾಕಿದವರಿಗೆ ಅವರ ತರಗತಿ ಮತ್ತೆ ಸಿಕ್ಕಿದ್ದನ್ನು ಈ ಶಾಲೆಯಲ್ಲಿ ನಾನು ಕಂಡಿಲ್ಲ. ಅವರೂ ಕೆಟ್ಟವರಲ್ಲ, ಯೋಚಿಸಿ ಒಂದು ದಾರಿ ಹೇಳಿದರು. ಸದ್ಯಕ್ಕೆ ಬೋರ್ಡಿನ ಮೇಲೆ ಬರೆದು ಪಾಠ ಮಾಡುವುದು. ಸೆಪ್ಟೆಂಬರಿನ ಮಾತಿನ ಪರೀಕ್ಷೆಯ ದಿನ ಅವರೇ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಅಲ್ಲಿಗೆ ನನ್ನ ದನಿ ಕೇಳಿದರೆ ಸರಿ. ಕೇಳದಿದ್ದರೆ ಮೊದಲ ವರ್ಷ ಹೊಸ ಟೀಚರಿಗೆ, ನಾನು ಲೈಬ್ರರಿಗೆ. ನಮ್ಮ ಲೈಬ್ರರಿ ಎಂದರೆ ಮೂರನೇ ಮಹಡಿಯ ತುದಿಯಲ್ಲಿ ಸದಾ ಬೀಗ ಹಾಕಿರುವ ಒಂದು ಕೋಣೆ.

ಮಂಗಳವಾರ, ಜೂನ್ 13

ಪ್ರತಿ ವರ್ಷ ಮೊದಲ ದಿನ ನನ್ನದೊಂದು ಭಾಷಣ ಇರುತ್ತದೆ. ಪ್ರೈಮರಿಯಿಂದ ಬಂದ ಮಕ್ಕಳು ಹೊಸ ಯೂನಿಫಾರ್ಮಿನಲ್ಲಿ ಬೆವರುತ್ತ ಕೂತಿರುವಾಗ, ಈ ವರ್ಷ ಇಂಗ್ಲಿಷ್ ತರಗತಿಯಲ್ಲಿ ಏನೇನು ಕಾದಿದೆ ಎಂದು ಹೇಳಿ ಹೆದರಿಸುವುದು. ಹೆದರಿಸಿದ ಮೇಲೆ ಒಂದು ಜೋಕು ಹೇಳಿ ನಗಿಸುವುದು. ಇವತ್ತು ಅದನ್ನೇ ಬೋರ್ಡಿನ ಮೇಲೆ ಬರೆದೆ. ಕಥೆ ಇರುತ್ತದೆ, ಪದ್ಯ ಇರುತ್ತದೆ, ಪತ್ರ ಬರೆಯುವುದಿರುತ್ತದೆ. ದಿನಾ ಎಲ್ಲರೂ ಸರದಿಯ ಮೇಲೆ ಎದ್ದು ನಿಂತು ಒಂದೊಂದು ಪ್ಯಾರಾ ಗಟ್ಟಿಯಾಗಿ ಓದಬೇಕು. ಸೆಪ್ಟೆಂಬರಿನಲ್ಲಿ ಒಬ್ಬೊಬ್ಬರೂ ಕೈಯಲ್ಲಿ ಕಾಗದ ಇಲ್ಲದೆ ಮೂರು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು. ತಪ್ಪಾದರೆ ಅಲ್ಲೇ, ಆಗಲೇ ತಿದ್ದುತ್ತೇನೆ. ಟೀಚರಿಗೆ ಗಂಟಲು ಸರಿಯಿಲ್ಲ, ಮಾತಾಡುವಂತಿಲ್ಲ ಎಂಬುದನ್ನು ಕೊನೆಗೆ ಸೇರಿಸಿದೆ. ಜೋಕು ಬರೆಯಲಿಲ್ಲ, ಬರೆಯುತ್ತ ಬರೆಯುತ್ತ ಅದು ಸತ್ತೇ ಹೋಗುತ್ತಿತ್ತು.

ಮಕ್ಕಳು ಮಿಸುಕದೆ ನಕಲು ಮಾಡಿಕೊಂಡವು. ಸದ್ಯ, ಇದೇನು ಅಷ್ಟು ಕಷ್ಟವಲ್ಲ ಎಂದುಕೊಳ್ಳುವಷ್ಟರಲ್ಲಿ ನಡುಬೆಂಚಿನಿಂದ ಒಬ್ಬ ಎದ್ದ. ತಲೆ ತುಂಬ ಗುಂಗುರು, ಬಾಯಿ ತುಂಬ ಪ್ರಶ್ನೆ. ನೀವು ನಮ್ಮಿಂದ ಏನೇನು ಬಯಸ್ತೀರಿ ಅಂತ ಗೊತ್ತಾಯ್ತು ಟೀಚರ್, ನಿಮ್ಮಿಂದ ನಾವು ಏನು ನಿರೀಕ್ಷಿಸಬಹುದು ಎಂದು ಕೇಳಿದ. ಕುಚೋದ್ಯವಲ್ಲ, ನಿಜವಾಗಿ ಕೇಳಿದ. ದನಿ ಇದ್ದಿದ್ದರೆ ಅವನನ್ನು ಅಲ್ಲೇ ಮಾತಿನಲ್ಲಿ ಮುಳುಗಿಸಿ ಏಳಿಸುತ್ತಿದ್ದೆ. ಸೀಮೆಸುಣ್ಣ ಎತ್ತಿ ಇಂಗ್ಲಿಷ್ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಅವನಿಗೆ ಮನಸ್ಸಿನಲ್ಲೇ ವಕೀಲ ಎಂದು ಹೆಸರಿಟ್ಟೆ.

ಶುಕ್ರವಾರ, ಜೂನ್ 16

ಸಂತೆ. ಶುದ್ಧ ಸಂತೆ.

ಬರೆಯಬೇಕೆಂದರೆ ಬೋರ್ಡಿನ ಕಡೆ ತಿರುಗಬೇಕು, ತಿರುಗಿದರೆ ಮಕ್ಕಳಿಗೆ ನನ್ನ ಬೆನ್ನು. ಬೆನ್ನಿಗೆ ಯಾವ ಮಗು ಹೆದರುತ್ತದೆ? ನಾಲ್ಕು ಸಾಲು ಬರೆದು ತಿರುಗುವಷ್ಟರಲ್ಲಿ ಇಬ್ಬರು ಜಾಗ ಬದಲಿಸಿರುತ್ತಾರೆ, ಒಬ್ಬ ಕಿಟಕಿಯ ಮೇಲೆ ಇರುತ್ತಾನೆ. ಡಸ್ಟರಿನಿಂದ ಮೇಜು ಬಡಿದೆ. ಚಪ್ಪಾಳೆ ತಟ್ಟಿದೆ. ಚಪ್ಪಾಳೆ ತಟ್ಟಿದ್ದಕ್ಕೆ ಅವೂ ಚಪ್ಪಾಳೆ ತಟ್ಟಿದವು. ಪಕ್ಕದ ತರಗತಿಯಿಂದ ಗಣಿತದ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತು ಸುಮ್ಮನೆ ನೋಡಿದರು. ಎಲ್ಲವೂ ಓಡಿ ತಮ್ಮ ತಮ್ಮ ಜಾಗದಲ್ಲಿ ಕೂತವು. ನೀವು ಹೊರಗೆ ಹೋಗಿದ್ರೇನೋ ಅಂದ್ಕೊಂಡೆ ಟೀಚರ್ ಎಂದು ಹೇಳಿ ಹೋದರು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವರ ತರಗತಿಯಲ್ಲಿ ಅವರ ಪಾಠವೇ ಕೇಳಿಸದಷ್ಟು ಗಟ್ಟಿಯಾಗಿ ಪಾಠ ಮಾಡುತ್ತಿದ್ದವಳು ನಾನು.

ಕೈ ನೋಯುತ್ತಿದೆ, ಭುಜ ನೋಯುತ್ತಿದೆ, ನೋಯದಿರುವುದು ಗಂಟಲು ಒಂದೇ. ಅಳು ಬಂದರೂ ಶಬ್ದ ಮಾಡದೆ ಅಳಬೇಕು.

ಗುರುವಾರ, ಜೂನ್ 22

ಉಪಾಯ ಹೊಳೆಯಿತು. ಕಾರ್ಡುಗಳು. ಗಟ್ಟಿ ರಟ್ಟು ಕತ್ತರಿಸಿ ಬಣ್ಣದ ಕಾಗದ ಅಂಟಿಸಿದ್ದೇನೆ. ಹಳದಿ ಎತ್ತಿದರೆ ಗಟ್ಟಿಯಾಗಿ ಓದಬೇಕು, ಹಸಿರು ಎತ್ತಿದರೆ ಮುಂದುವರಿಸಬೇಕು, ಕೆಂಪು ಎತ್ತಿದರೆ ತಪ್ಪು, ನಿಲ್ಲಬೇಕು.

ಅದ್ಭುತವಾಗಿ ಕೆಲಸ ಮಾಡಿತು. ಒಂದು ತಪ್ಪೂ ನನ್ನ ಕೈಯಿಂದ ತಪ್ಪಿಸಿಕೊಳ್ಳಲಿಲ್ಲ. ವಕೀಲ ಒಂದೇ ಪ್ಯಾರಾದಲ್ಲಿ ಎಷ್ಟು ಸಲ ಕೆಂಪು ಕಂಡನೋ, ಕೊನೆಗೆ ಓದುವುದು ಬಿಟ್ಟು ಕಾರ್ಡನ್ನೇ ನೋಡುತ್ತಿದ್ದ. ಕೊನೆಯ ಬೆಂಚಿನಲ್ಲಿ ಒಬ್ಬಳಿದ್ದಾಳೆ, ಮೊಣಕಾಲು ಮುಟ್ಟುವಂಥ ಜಡೆ, ನಾನು ಉದ್ದಜಡೆ ಎಂದೇ ಕರೆದುಕೊಳ್ಳುತ್ತೇನೆ. ಶಾಲೆ ತೆರೆದಾಗಿನಿಂದ ಅವಳ ದನಿ ಕೇಳಿಲ್ಲ. ಇವತ್ತು ಎದ್ದಳು, ಒಂದು ಪದ ಹೇಳಿದಳು, ಅದೂ ತಪ್ಪು. ಕೆಂಪು ಎತ್ತಿದೆ. ಕೂತುಬಿಟ್ಟಳು. ಹಸಿರು ಎತ್ತಿದೆ, ಏಳಲಿಲ್ಲ. ಕಾಲ ಕೂಡಿ ಬಂದಾಗ ಎದ್ದಾಳು.

ಒಟ್ಟಿನಲ್ಲಿ ತರಗತಿಗೆ ಶಿಸ್ತು ಬಂದಿದೆ. ಸೂಜಿ ಬಿದ್ದರೂ ಕೇಳಿಸುವಷ್ಟು. ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಅಮ್ಮ ಮಾತ್ರ ಮುನಿಸಿಕೊಂಡಿದ್ದಾಳೆ. ಚೀಟಿ ಬರೆದು ತೋರಿಸಿದ್ದೇನೆ, ಕನ್ನಡಕ ಹಾಕಿ ಓದಿದ್ದಾಳೆ, ಆದರೂ ದಿನಕ್ಕೊಂದು ಸಲ ಕೇಳುತ್ತಾಳೆ, ನನ್ನ ಮೇಲೆ ಏನೇ ಸಿಟ್ಟು ನಿನಗೆ ಎಂದು.

ಬುಧವಾರ, ಜುಲೈ 5

ನನಗೆ ಮಾಡಿದ ಮೋಸ ಇವತ್ತು ಕಣ್ಣಿಗೆ ಬಿತ್ತು. ಇಪ್ಪತ್ತೆರಡು ವರ್ಷದ ಮೋಸ.

ಒಬ್ಬರು ಓದುವಾಗ ಉಳಿದವರು ಪುಸ್ತಕದ ಮೇಲೆ ಬೆರಳಿಟ್ಟು ಹಿಂಬಾಲಿಸಬೇಕು ಎಂಬುದು ನನ್ನ ಕಟ್ಟಪ್ಪಣೆ. ಬೆರಳು ಇಟ್ಟಿದ್ದವು, ಎಲ್ಲವೂ ಬೇರೆ ಬೇರೆ ಕಡೆ. ಮಾತಾಡುವ ಕೆಲಸ ಇಲ್ಲದ್ದರಿಂದ ಮುಖಗಳನ್ನು ನೋಡುತ್ತ ನಿಂತಿದ್ದೆ. ಒಬ್ಬೊಬ್ಬರ ತುಟಿಯೂ ಅಲುಗುತ್ತಿದೆ. ಮೊದಲು ಏನೆಂದು ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ತಮ್ಮ ಮುಂದೆ ಎಷ್ಟು ಜನರಿದ್ದಾರೆಂದು ಎಣಿಸಿ, ತಮಗೆ ಬರುವ ಪ್ಯಾರಾ ಹುಡುಕಿಕೊಂಡು, ಅದೊಂದನ್ನೇ ಬಾಯಿಪಾಠ ಮಾಡುತ್ತಿದ್ದಾವೆ. ಓದುತ್ತಿರುವವನ ಕಡೆ ಒಂದು ಕಿವಿಯೂ ಇಲ್ಲ. ಕಥೆಯಲ್ಲಿ ಏನಾಯಿತೆಂದು ಯಾರಿಗೂ ಗೊತ್ತಿಲ್ಲ, ತಮ್ಮ ಪಾಲಿನ ತುಂಡಿನಲ್ಲಿ ಏನಾಯಿತೆಂದಷ್ಟೇ ಗೊತ್ತು.

ನಡುವೆ ಇಬ್ಬರನ್ನು ಬಿಟ್ಟು ವಕೀಲನಿಗೆ ಬೆರಳು ತೋರಿಸಿದೆ. ಇಡೀ ತರಗತಿಯ ಲೆಕ್ಕ ತಪ್ಪಿತು. ಪುಟ ತಿರುಗಿಸುವ ಸದ್ದು, ಗುಸುಗುಸು, ಹಿಂದಿನ ಬೆಂಚಿನಲ್ಲಿ ಒಬ್ಬಳು ಗಾಬರಿಯಿಂದ ಅಯ್ಯಯ್ಯೋ ಎಂದಳು. ನಗು ಉಕ್ಕಿ ಬಂತು, ಶಬ್ದ ಬರದಂತೆ ಸೆರಗು ಕಚ್ಚಿ ನಕ್ಕೆ. ಮನೆಗೆ ಬಂದ ಮೇಲೆ ನಗು ಬರುತ್ತಿಲ್ಲ. ಇಷ್ಟು ವರ್ಷ ಕಥೆ ಹೇಳಿದೆ ಎಂದುಕೊಂಡಿದ್ದೆ, ಯಾರಿಗೆ ಹೇಳಿದೆನೋ.

ಶುಕ್ರವಾರ, ಜುಲೈ 14

ಕಾರ್ಡುಗಳು ಕಾಣೆ. ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೆ, ಮೂರೂ ಇಲ್ಲ. ಬೋರ್ಡಿನ ಮೇಲೆ ಬರೆದು ಕೇಳಿದೆ, ಯಾರು ಎಂದು. ಎಲ್ಲವೂ ಪಿಳಿಪಿಳಿ ನೋಡಿದವು. ಯಾರೋ ಕಿಸಕ್ಕೆಂದರು. ಅಷ್ಟೇ. ನೆತ್ತಿಗೇರಿತು. ಕೂಗಿಬಿಟ್ಟೆ.

ಅದು ನನ್ನ ದನಿಯೇ ಅಲ್ಲ. ತುಕ್ಕು ಹಿಡಿದ ಬಾಗಿಲು ಎಳೆದ ಹಾಗೆ. ಆದರೆ ಕೂಗು ಕೂಗೇ. ತರಗತಿ ಕಲ್ಲಾಯಿತು. ಆ ಹೊತ್ತಿಗೆ ಉದ್ದಜಡೆ ಏನೋ ಹೇಳಲು ಎದ್ದು ನಿಂತಿದ್ದಳು, ಪುಸ್ತಕ ಕೈಯಲ್ಲಿತ್ತು, ಬಾಯಿ ತೆರೆದಿತ್ತು. ತೆರೆದ ಬಾಯಿ ಹಾಗೇ ಮುಚ್ಚಿತು, ಹಾಗೇ ಕೂತಳು. ತಾನೇ ಕದ್ದವಳ ಹಾಗೆ ಬೆವರಿದ್ದಳು ಹುಡುಗಿ.

ಗಂಟಲಲ್ಲಿ ಉಪ್ಪುಪ್ಪು ರುಚಿ.

ಶನಿವಾರ, ಜುಲೈ 15

ಡಾಕ್ಟರು ಇವತ್ತು ನಗಲಿಲ್ಲ. ರಕ್ತ ಒಸರಿದೆಯಂತೆ. ಮತ್ತೆ ಮೊದಲಿನಿಂದ ಶುರು. "ಇನ್ನೊಂದು ಸಲ ಕೂಗಿದ್ರೆ ನನ್ನ ಹತ್ರ ಬರಬೇಡಿ, ನನ್ನಿಂದ ಏನೂ ಮಾಡೋಕಾಗಲ್ಲ," ಎಂದರು.

ಭಾನುವಾರ, ಜುಲೈ 16

ಏನು ಬರೆಯಲಿ? ಮುಗಿಯಿತು.

ಗುರುವಾರ, ಜುಲೈ 27

ಹೊಸ ಟೀಚರು ತರಗತಿ ನೋಡಲು ಬಂದಿದ್ದರು. ಹೆಡ್‌ಮಾಸ್ಟರೇ ಕಳಿಸಿದ್ದಂತೆ, ಅಭ್ಯಾಸವಾಗಲಿ ಎಂದು. ಒಳ್ಳೆಯ ಹುಡುಗಿ. ನನ್ನನ್ನು ಕಂಡು ಎರಡೂ ಕೈ ಮುಗಿದಳು. ಗಂಟೆ ಬಾರಿಸಿದಂಥ ದನಿ. ಆ ದನಿ ಕೇಳಿ ನನ್ನ ಹೊಟ್ಟೆಗೆ ಬೆಂಕಿ ಬಿದ್ದಿತು, ಸುಳ್ಳೇಕೆ ಹೇಳಲಿ. ನನ್ನ ಕುರ್ಚಿಯ ಪಕ್ಕ ಅವಳಿಗೊಂದು ಕುರ್ಚಿ ಹಾಕಿಸಿದೆ. ಸಾಯುವ ಮೊದಲೇ ಅಳತೆ ತೆಗೆಯಲು ಬಂದ ಹಾಗಾಯಿತು.

ಇವತ್ತು ಸೆಪ್ಟೆಂಬರಿಗೆ ಅಭ್ಯಾಸ ಎಂದು ವಕೀಲನನ್ನು ಮಾತಿಗೆ ನಿಲ್ಲಿಸಿದ್ದೆ. ಕಾರ್ಡು ಇಲ್ಲ, ಹೊಸದು ಮಾಡಬೇಕು, ಅಂಟು ಮುಗಿದಿದೆ. ತಿದ್ದಲು ದಾರಿಯೇ ಇಲ್ಲದೆ ಕೈಕಟ್ಟಿ ಕೂತೆ. ಅವನ ಇಂಗ್ಲಿಷೋ ದೇವರಿಗೇ ಪ್ರೀತಿ. ಭೂತಕಾಲ ಭವಿಷ್ಯತ್ಕಾಲ ಎಲ್ಲ ಕಲಸುಮೇಲೋಗರ. ಒಂದೊಂದು ತಪ್ಪಿಗೂ ನನ್ನ ಬೆರಳು ತಾನೇ ಮೇಲೇಳುತ್ತಿತ್ತು, ಒತ್ತಿ ಹಿಡಿದುಕೊಂಡೆ. ಅವನ ಚಿಕ್ಕಪ್ಪ ಕ್ಷೌರದವರಂತೆ. ಗಿರಾಕಿಗೆ ಅರ್ಧ ಗಡ್ಡ ಹೆರೆದಿದ್ದಾಗ ಬೀದಿಯಲ್ಲಿ ಜಗಳ ಆಯಿತಂತೆ. ಚಿಕ್ಕಪ್ಪ ಕತ್ತಿ ಹಿಡಿದೇ ನೋಡಲು ಓಡಿದರಂತೆ. ಗಿರಾಕಿಯೂ ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡೇ ಹಿಂದೆ ಓಡಿದನಂತೆ. ಕತ್ತಿ ಕಂಡ ಪೊಲೀಸರು ಚಿಕ್ಕಪ್ಪನನ್ನೂ, ಅರ್ಧ ಗಡ್ಡ ಕಂಡು ಗಿರಾಕಿಯನ್ನೂ ಹಿಡಿದುಕೊಂಡು ಹೋದರಂತೆ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಗಿರಾಕಿಯ ಉಳಿದರ್ಧ ಗಡ್ಡದ ಗತಿ ಏನಾಯಿತು ಎಂದು ಯಾರೋ ಇಂಗ್ಲಿಷಿನಲ್ಲೇ ಕೇಳಿದರು, ಅದೂ ತಪ್ಪು ಇಂಗ್ಲಿಷಿನಲ್ಲಿ. ಠಾಣೆಯಲ್ಲೇ ಹೆರೆದರು ಎಂದ.

ಮೊದಲ ತಪ್ಪಿಗೇ ನಿಲ್ಲಿಸಿದ್ದರೆ ಠಾಣೆಯವರೆಗೆ ಹೋಗುತ್ತಲೇ ಇರಲಿಲ್ಲ ಅವನು. ಆದರೆ ಅಷ್ಟೂ ತಪ್ಪು ಹೊಸ ಟೀಚರ ಎದುರಿಗೆ. ಹೆಡ್‌ಮಾಸ್ಟರಿಗೆ ಹೇಳದೆ ಇರುತ್ತಾಳೆಯೇ? ನಾಳೆ ಅಂಟು ತರಬೇಕು.

ಬುಧವಾರ, ಆಗಸ್ಟ್ 9

ಸಂಜೆ ಅಮ್ಮ ಬಟ್ಟೆ ಮಡಿಸುತ್ತ ಮಾತಾಡುತ್ತಲೇ ಇದ್ದಳು. ಈಚೆಗೆ ದಿನಾ ಹೀಗೇ. ಮದುವೆಗೆ ಮುಂಚೆ ಟೆಲಿಫೋನ್ ಕಚೇರಿಯಲ್ಲಿ ಕೆಲಸಕ್ಕೆ ಕರೆ ಬಂದಿತ್ತಂತೆ ಅವಳಿಗೆ. ತಂತಿ ಜೋಡಿಸಿ ಊರೂರಿನವರನ್ನು ಮಾತಾಡಿಸುವ ಕೆಲಸ. ತಾತ ಬೇಡವೆಂದರಂತೆ. ಕಿವಿಯ ಕೆಲಸ ತಪ್ಪಿತು, ಆಮೇಲೆ ಕಿವಿಯೂ ತಪ್ಪಿತು ನೋಡು ಎಂದು ನಕ್ಕಳು. ಇದನ್ನು ಇದುವರೆಗೆ ಯಾಕೆ ಹೇಳಲಿಲ್ಲ ಎಂದು ಕೈಸನ್ನೆಯಲ್ಲಿ ಕೇಳಿದೆ.

"ನೀನು ಸುಮ್ಮನಿರ್ತಿದ್ದದ್ದು ಯಾವಾಗ ತಾಯಿ?" ಎಂದಳು.

ಅವಳಿಗೆ ವಯಸ್ಸಾಯಿತು, ಏನೇನೋ ಅನ್ನುತ್ತಾಳೆ. ಅಂಟು ತರುವುದು ಮತ್ತೆ ಮರೆತುಹೋಯಿತು.

ಸೋಮವಾರ, ಆಗಸ್ಟ್ 21

ಗಂಟೆ ಹೊಡೆದ ಮೇಲೆ ಉದ್ದಜಡೆ ಮನೆಗೆ ಹೋಗದೆ ನನ್ನ ಮೇಜಿನ ಹತ್ತಿರ ಬಂದು ನಿಂತಳು. ನಾನು ಹಾಜರಿ ತುಂಬುತ್ತಿದ್ದೆ. ಏನು ಎಂದು ಹುಬ್ಬು ಎತ್ತಿದೆ. ಜಡೆಯ ತುದಿಯನ್ನು ಬಿಚ್ಚುತ್ತ, ಹೆಣೆಯುತ್ತ ನಿಂತಳು. ಹೋಗು ಮಗೂ ಎನ್ನಲು ಬಾಯಿಲ್ಲ, ನಾನೇ ಎದ್ದು ಹೋಗಲು ಮನಸ್ಸಿಲ್ಲ. ಕಿಟಕಿಯಿಂದ ಬಿಸಿಲು ಒಂದು ಬೆಂಚಿನಿಂದ ಇನ್ನೊಂದಕ್ಕೆ ಹೋಯಿತು.

ಕೊನೆಗೆ ಕೇಳಿದಳು, ಮೂರು ನಿಮಿಷದ ಮಾತು ದೊಡ್ಡ ವಿಷಯದ ಬಗ್ಗೆಯೇ ಇರಬೇಕಾ, ಒಂದು ಬೀರುವಿನ ಬಗ್ಗೆ ಇದ್ದರೆ ನಡೆಯುತ್ತದಾ ಎಂದು. ನಡೆಯುತ್ತದೆ ಎಂದು ತಲೆಯಾಡಿಸಿದೆ. ತಪ್ಪಾದರೆ, ಎಂದಳು. ನನಗೆ ಉತ್ತರ ಬರೆಯಲು ಚೀಟಿ ಸಿಗಲಿಲ್ಲ. ಅಷ್ಟರಲ್ಲಿ ಅವಳೇ ಇರಲಿ ಬಿಡಿ ಟೀಚರ್ ಎಂದು ಹೊರಟುಹೋದಳು.

ದನಿ ಕೀರಲಾಗಿದೆ, ಚೆನ್ನಾಗಿದೆ.

ಶುಕ್ರವಾರ, ಸೆಪ್ಟೆಂಬರ್ 8

ಗಂಟು ಇಳಿದಿದೆ. ಕತ್ತರಿಸುವುದು ಬೇಡ. ಪರದೆ ನೋಡಿ ಡಾಕ್ಟರು ತಾವೇ ಗೆದ್ದವರ ಹಾಗೆ ನಕ್ಕರು. ದಿನಕ್ಕೆ ನಾಲ್ಕೈದು ವಾಕ್ಯ ಮಾತಾಡಬಹುದು, ಮೆಲ್ಲಗೆ, ಮುಂದೆ ಇನ್ನಷ್ಟು. ಆದರೆ ದನಿ ಏರಿಸುವುದು ಮಾತ್ರ ಇನ್ನು ಯಾವತ್ತೂ ಇಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿಗೆ ಕೇಳಿಸುತ್ತದೆಯೇ ಎಂದು ಕೇಳಿದೆ. ನಾನು ಆಡಿದ ಮೊದಲ ಮಾತು ಅದು. ಬೆಂಚುಗಳು ಸುಮ್ಮನಿದ್ದರೆ ಕೇಳಿಸತ್ತೆ ಎಂದರು.

ಬಸ್ಸಿನಲ್ಲಿ ಒಂದು ಮಾತೂ ಆಡದೆ, ಉಳಿದದ್ದನ್ನು ಕೂಡಿಟ್ಟುಕೊಂಡು ಮನೆಗೆ ಬಂದೆ. ಅಮ್ಮನ ಹತ್ತಿರ ಹೋಗಿ ಅಮ್ಮಾ ಎಂದೆ. ಅವಳು ಕಿಟಕಿಯ ಕಡೆ ನೋಡುತ್ತಲೇ ಇದ್ದಳು. ಇನ್ನೊಮ್ಮೆ ಅಂದೆ. ಬಾಗಿ ಕಿವಿಯ ಹತ್ತಿರವೇ ಅಂದೆ. ನನ್ನ ಉಸಿರು ತಾಕಿ ತಿರುಗಿದಳು, ಏನೇ, ಮುಖ ಯಾಕೆ ಹಾಗಿದೆ ಎಂದಳು. ಅವಳಿಗೆ ಕೇಳಲಿಲ್ಲ. ಇನ್ನು ಕೇಳುವುದಿಲ್ಲ. ಅವಳ ಮಡಿಲಲ್ಲಿ ಮುಖ ಇಟ್ಟು ಅತ್ತೆ, ಯಾಕೆಂದು ಅವಳಿಗೂ ತಿಳಿಯಲಿಲ್ಲ, ತಲೆ ಸವರುತ್ತ ಕೂತಳು.

ಉಳಿದಿರುವುದು ತರಗತಿ ಒಂದು. ಅದನ್ನು ಬಿಡಲಾರೆ. ಹೆಡ್‌ಮಾಸ್ಟರಿಗೆ ದನಿ ಬಂದ ಸುದ್ದಿ ಹೇಳಿಲ್ಲ. ಹೇಳಿದರೆ ಈಗಲೇ ಮಾತಾಡಿ ತೋರಿಸಿ ಅಂದಾರು, ಇರುವಷ್ಟೂ ಖರ್ಚಾಗಿಹೋದೀತು. ಪರೀಕ್ಷೆಯ ದಿನವೇ ಕೇಳಿಸುತ್ತೇನೆ.

ಶುಕ್ರವಾರ, ಸೆಪ್ಟೆಂಬರ್ 15

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಬೆಳಿಗ್ಗೆಯಿಂದ ನೀರು ಕುಡಿದು, ಬಾಯಿ ಮುಚ್ಚಿಕೊಂಡು, ಗಂಟಲಿಗೆ ಬಟ್ಟೆ ಸುತ್ತಿಕೊಂಡು ಇದ್ದೆ. ಹೆಡ್‌ಮಾಸ್ಟರು ಹೇಳಿದಂತೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು, ಮೊಣಕಾಲು ಬೆಂಚಿಗೆ ತಾಗಿ ಅಡ್ಡಡ್ಡ ಕೂತರು. ಪಕ್ಕದಲ್ಲಿ ಹೊಸ ಟೀಚರು. ನಿಯಮ ಹೆಡ್‌ಮಾಸ್ಟರೇ ಹೇಳಿದರು. ಮಕ್ಕಳು ಮಾತಾಡುವಾಗ ತಪ್ಪಿದರೆ, ತಡವರಿಸಿದರೆ ನಾನು ಬಾಯಿಂದ ಹೇಳಿ ತಿದ್ದಬೇಕು, ಅದು ಅವರಿಗೆ ಕೇಳಬೇಕು. ಅಷ್ಟಾದರೆ ಸಾಕು. ನಾಲ್ಕು ವಾಕ್ಯ ನನ್ನ ಹತ್ತಿರ ಇದ್ದವು. ಎಲ್ಲೆಲ್ಲಿ ಬಳಸಬೇಕೆಂದು ಮೊದಲೇ ಯೋಚಿಸಿಟ್ಟಿದ್ದೆ.

ಮೊದಲು ಯಾರು ಎಂದು ಹೆಡ್‌ಮಾಸ್ಟರು ಕೇಳಿದರು. ವಕೀಲ ಏಳುತ್ತಾನೆ ಎಂದುಕೊಂಡೆ. ಕೈ ಎತ್ತಿದ್ದು ಉದ್ದಜಡೆ.

ಮುಂದೆ ಬಂದು ನಿಂತಳು. ಕೈಯಲ್ಲಿ ಕಾಗದ ಇಲ್ಲ, ಜಡೆಯ ತುದಿ ಇತ್ತು. ಅವಳ ಮನೆಯವರು ಹೋದ ವರ್ಷ ಮನೆ ಬದಲಿಸಿದರಂತೆ, ನಾಲ್ಕನೇ ಮಹಡಿಗೆ. ಅಜ್ಜಿಯ ಬೀರು ದೊಡ್ಡದು. ನಾಲ್ಕು ಜನ ಹೊತ್ತು ತಂದರಂತೆ. ಎರಡನೇ ಮಹಡಿ ದಾಟಿದ ಮೇಲೆ ತಿರುವಿನಲ್ಲಿ ಸಿಕ್ಕಿಕೊಂಡಿತಂತೆ, ಮೇಲಕ್ಕೂ ಹೋಗದು, ಕೆಳಕ್ಕೂ ಬಾರದು. ಇಷ್ಟು ಹೇಳುವಷ್ಟರಲ್ಲಿ ಎಷ್ಟೋ ತಪ್ಪು. ಬೀರುವನ್ನು ಅವನು ಎಂದೇ ಕರೆಯುತ್ತಿದ್ದಳು. ನಾನು ಒಂದು ವಾಕ್ಯ ತೆಗೆಯಲು ಬಾಯಿ ತೆರೆದೆ. ಹೊರಡುವಷ್ಟರಲ್ಲಿ ಅವಳು ಮುಂದೆ ಹೋಗಿದ್ದಳು, ಮುಚ್ಚಿಕೊಂಡೆ.

ಬೀರು ಅಲ್ಲೇ ನಿಂತಿದೆ ಎಂದಳು, ಎಲ್ಲಿ ಎಂದರೆ ಎಂದು ಶುರು ಮಾಡಿದಳು, ಪದ ಸಿಗಲಿಲ್ಲ. ಮೆಟ್ಟಿಲುಗಳ ನಡುವೆ ಬರುವ ಚಪ್ಪಟೆ ಜಾಗ. ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಪದವಿದೆ, ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ನಿಂತಳು. ಮೇಲೆ ನೋಡಿದಳು, ಕೆಳಗೆ ನೋಡಿದಳು. ಯಾರೂ ಗುಸುಗುಟ್ಟಲಿಲ್ಲ.

"ಪದ ಹೇಳಿಕೊಡಿ ಟೀಚರ್," ಎಂದರು ಹೆಡ್‌ಮಾಸ್ಟರು.

ಇದೇ ಹೊತ್ತು. ನನಗೇ ಗೊತ್ತಿತ್ತು ಇದೇ ಹೊತ್ತು ಎಂದು. ಒಂದೇ ಒಂದು ಪದ. ತರಗತಿ ಅಷ್ಟು ನಿಶ್ಶಬ್ದವಾಗಿತ್ತು, ಪಿಸುಗುಟ್ಟಿದ್ದರೂ ಹಿಂದಿನ ಬೆಂಚಿಗೆ ಹೋಗುತ್ತಿತ್ತು. ಉದ್ದಜಡೆ ನನ್ನ ಕಡೆ ನೋಡಲಿಲ್ಲ. ಒಮ್ಮೆಯೂ ನೋಡಲಿಲ್ಲ. ಕಣ್ಣು ಮುಚ್ಚಿ ಆ ಮೆಟ್ಟಿಲ ಹತ್ತಿರವೇ ಇದ್ದಳು. ಹೇಳು, ಹೇಳು ಎಂದು ನನಗೆ ನಾನೇ ಅಂದುಕೊಳ್ಳುತ್ತಿದ್ದೆ. ಹೇಳಲಿಲ್ಲ. ಎಷ್ಟು ಹೊತ್ತಾಯಿತೋ, ಹೆಡ್‌ಮಾಸ್ಟರು ಬೆಂಚಿನಲ್ಲಿ ಕೆಮ್ಮಿದರು.

ಆಗ ಅವಳು ಕಣ್ಣು ಬಿಟ್ಟಳು. ಮೆಟ್ಟಿಲುಗಳಿಗೂ ಹತ್ತಿ ಹತ್ತಿ ಸುಸ್ತಾಗುತ್ತದಲ್ಲ, ಅವು ಸ್ವಲ್ಪ ನಿಂತು ಉಸಿರು ತೆಗೆದುಕೊಳ್ಳುವ ಜಾಗ, ಅಲ್ಲಿ ನಿಂತಿದೆ ಎಂದಳು. ಇಂಗ್ಲಿಷಿನಲ್ಲಿ. ತನ್ನದೇ ಇಂಗ್ಲಿಷಿನಲ್ಲಿ. ಈಗ ಆ ಬೀರುವಿನಲ್ಲಿ ಎಲ್ಲ ಮನೆಗಳವರೂ ಏನಾದರೂ ಇಡುತ್ತಾರಂತೆ, ಒಂದು ಖಾನೆ ಕೆಳಗಿನ ಮನೆಯ ತಾತನ ಚಪ್ಪಲಿಗೆ, ಒಂದು ಮೇಲಿನ ಮನೆಯ ಪಾಪುವಿನ ಆಟಿಕೆಗೆ. ಅಜ್ಜಿ ದಿನಾ ಇಳಿದು ಬಂದು ಒರೆಸುತ್ತಾಳಂತೆ, ಬಂದವರನ್ನೆಲ್ಲ ಮಾತಾಡಿಸುತ್ತಾಳಂತೆ. ನಮ್ಮ ಮನೆಯೊಳಗೆ ಇದ್ದಿದ್ದರೆ ಅಜ್ಜಿಗೆ ಯಾರೂ ಪರಿಚಯವಾಗುತ್ತಿರಲಿಲ್ಲ ಎಂದು ಮುಗಿಸಿ, ಥ್ಯಾಂಕ್ಯೂ ಎಂದು ಹೇಳುವುದನ್ನೇ ಮರೆತು ಓಡಿಹೋಗಿ ಕೂತಳು.

ಚಪ್ಪಾಳೆ ನಿಲ್ಲುವ ಮೊದಲೇ ವಕೀಲ ಎದ್ದು ಬಂದಿದ್ದ. ಅವನ ಹಿಂದೆ ಇನ್ನೊಬ್ಬಳು. ತಪ್ಪಿದಾಗ ಬೆಂಚಿನಲ್ಲಿದ್ದವರೇ ತಿದ್ದಿದರು, ತಿದ್ದಿದವರನ್ನು ಇನ್ನೊಬ್ಬರು ತಿದ್ದಿದರು. ನನಗೆ ಬಾಯಿ ಹಾಕಲು ಸಂದೇ ಸಿಗಲಿಲ್ಲ. ಹೆಡ್‌ಮಾಸ್ಟರು ಗಡಿಯಾರ ನೋಡಿ ಎದ್ದರು. ಹೋಗುವಾಗ ನನ್ನ ಹತ್ತಿರ ನಿಂತು, "ಪಾಪ, ದನಿ ಬರಲಿಲ್ಲ ಅಲ್ವಾ," ಎಂದರು.

ಬಂದಿದೆ ಎನ್ನಬಹುದಿತ್ತು. ಹಾಗಾದರೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳುತ್ತಿದ್ದರು. ಡಸ್ಟರು ಎತ್ತಿ ಬೋರ್ಡು ಒರೆಸಿದೆ. ಕೈಗೆ ಬಂದದ್ದನ್ನು ನಾನೇ ಕಳೆದುಕೊಂಡೆ, ಮೂರ್ಖಳು.

ಸೋಮವಾರ, ಸೆಪ್ಟೆಂಬರ್ 18

ಲೈಬ್ರರಿ. ಬೀಗ ತೆಗೆಯಲು ಜವಾನನಿಗೆ ಎಣ್ಣೆ ಬೇಕಾಯಿತು. ಇಲ್ಲಿ ಮಾತಾಡಬಾರದು ಎಂಬ ಹಲಗೆ ಒಳಗೆ ಮೊದಲೇ ಇದೆ.

ಗುರುವಾರ, ಸೆಪ್ಟೆಂಬರ್ 21

ಲೈಬ್ರರಿಯ ಗೋಡೆಯಾಚೆ ನನ್ನ ತರಗತಿ. ಗೋಡೆ ತೆಳು. ಮೂರು ದಿನದಿಂದ ಪುಸ್ತಕದ ಧೂಳು ಹೊಡೆಯುತ್ತ ಕೇಳುತ್ತಿದ್ದೇನೆ.

ಹೊಸ ಟೀಚರು ಚೆನ್ನಾಗಿ ಪಾಠ ಮಾಡುತ್ತಾಳೆ. ಉಚ್ಚಾರ ಸ್ಪಷ್ಟ, ಒಂದು ಪದ ತಪ್ಪಿಲ್ಲ, ನಡುನಡುವೆ ಜೋಕೂ ಹೇಳುತ್ತಾಳೆ. ಗಂಟೆಯಂಥ ದನಿ ಗೋಡೆ ದಾಟಿ ಬರುತ್ತದೆ. ಮೊದಲ ದಿನ ಹೊಟ್ಟೆಕಿಚ್ಚಿನಿಂದ ಕೇಳಿದೆ. ಎರಡನೇ ದಿನ ಏನೋ ಕಡಿಮೆಯಾಗಿದೆ ಎನಿಸಿತು. ಇವತ್ತು ಬೆಳಿಗ್ಗೆ ಪುಸ್ತಕ ಕೆಳಗಿಟ್ಟು ಗೋಡೆಗೆ ಕಿವಿ ಹಚ್ಚಿ ನಿಂತೆ. ಇಡೀ ಅವಧಿ ನಿಂತೆ. ಒಂದೇ ದನಿ. ವಕೀಲನದು ಇಲ್ಲ. ಕೀರಲು ದನಿ ಇಲ್ಲ. ಯಾರೋ ಒಂದು ಪದ ಶುರು ಮಾಡಿದರು, ಅದು ಮುಗಿಯುವ ಮೊದಲೇ ಗಂಟೆ ಬಾರಿಸಿದಂತೆ ಸರಿಯಾದ ಪದ ಬಂತು. ಆಮೇಲೆ ಯಾರೂ ಶುರು ಮಾಡಲಿಲ್ಲ. ತರಗತಿಯಲ್ಲಿ ಎಲ್ಲರೂ ಇದ್ದಾರೆ, ಒಬ್ಬರೂ ಇಲ್ಲ. ಬಾಗಿಲು ಹಾಕುವುದನ್ನೂ ಮರೆತು ಮೆಟ್ಟಿಲಿಳಿದೆ.

ಹೆಡ್‌ಮಾಸ್ಟರು ಊಟದ ಡಬ್ಬಿ ತೆರೆಯುತ್ತಿದ್ದರು. ಎದುರಿಗೆ ನಿಂತು ನನ್ನ ಕ್ಲಾಸು ನನಗೆ ಕೊಡಿ ಸರ್ ಎಂದೆ. ಮೆಲ್ಲಗೇ ಅಂದೆ. ಅವರ ಕೈ ಡಬ್ಬಿಯ ಮುಚ್ಚಳದ ಮೇಲೆ ನಿಂತಿತು. ದನಿ ಯಾವಾಗ ಬಂತು ಎಂದು ಕೇಳಿದರು. ಪರೀಕ್ಷೆಗೆ ಒಂದು ವಾರ ಮುಂಚೆಯೇ ಎಂದೆ. ಅವರಿಗೆ ಸಿಟ್ಟು ಬಂತು, ಬರಬೇಕಾದದ್ದೇ.

"ಮತ್ತೆ ಅವತ್ತು ಪದ ಹೇಳಿಕೊಡಿ ಅಂದಾಗ ಯಾಕೆ ಬಾಯಿ ಬಿಡಲಿಲ್ಲ ನೀವು?"

"ಆ ಹುಡುಗಿ ಮಾತಾಡ್ತಿದ್ದಳು ಸರ್."

"ಎಲ್ಲಿ ಮಾತಾಡ್ತಿದ್ದಳು? ಸುಮ್ಮನೆ ನಿಂತಿದ್ದಳು, ನಾನೇ ನೋಡಿದೆನಲ್ಲ."

"ಇಲ್ಲ ಸರ್," ಎಂದೆ. "ಮಾತಾಡ್ತಿದ್ದಳು."

ಇವತ್ತಿನ ವಾಕ್ಯಗಳು ಅಲ್ಲಿಗೆ ಮುಗಿದಿದ್ದವು. ಅವರು ಮತ್ತೇನೋ ಕೇಳಿದರು, ಗಂಟಲು ತೋರಿಸಿ ಸುಮ್ಮನೆ ನಿಂತೆ. ಅವರು ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತರು. ನಾನು ಹೊರಡಲಿಲ್ಲ. ಅವತ್ತು ಉದ್ದಜಡೆಗೆ ಕಾದ ಹಾಗೆ, ಅವರೇ ಏನಾದರೂ ಹೇಳಲಿ ಎಂದು ಕಾದೆ.